ಮೊಬೈಲ್ ‘ರೂಟ್’ ಮಾಡಿಸೋ ಮುಂಚೆ ಯೋಚ್ನೆ ಮಾಡಿ: ದುಡ್ಡಿನ ಫೋನ್ ಬೇರೆ, ಕಲಿಯೋ ಫೋನ್ ಬೇರೆ

ಮೂರ್ನಾಲ್ಕು ವರ್ಷದ ಹಳೇ ಮೊಬೈಲು. ನಿಧಾನ ಆಗಿದೆ. ‘ಸ್ಟೋರೇಜ್ ಫುಲ್’ ಅಂತ ದಿನಕ್ಕೆರಡು ಸಲ ತೋರಿಸುತ್ತೆ. ಕಂಪನಿಯವರೇ ತುಂಬಿ ಕಳಿಸಿದ ಆಪ್‌ಗಳನ್ನು ತೆಗೆಯೋಣ ಅಂದ್ರೆ ಅನ್‌ಇನ್‌ಸ್ಟಾಲ್ ಬಟನ್ನೇ ಇಲ್ಲ. ಇಂಥ ಹೊತ್ತಲ್ಲಿ ಪರಿಚಯದ ಹುಡುಗರು ಹೇಳೋ ಮಾತು ಒಂದೇ: "ರೂಟ್ ಮಾಡ್ಬಿಡೋಣ ಅಣ್ಣ, ಹೊಸದರ ಥರಾ ಆಗುತ್ತೆ."

ರೂಟ್ ಅನ್ನೋದು ಸುಳ್ಳೇನೂ ಅಲ್ಲ. ಗೊತ್ತಿರುವವರು ಸರಿಯಾಗಿ ಮಾಡಿದರೆ ಹಳೇ ಫೋನಿನಿಂದ ಬೇಕಾದಷ್ಟು ಕೆಲಸ ತೆಗೆಯಬಹುದು, ಕಲಿಯಬಹುದು. ಆದರೆ ಅಂಗಡಿಯ ಯುಪಿಐ, ಬ್ಯಾಂಕ್ ಆಪ್, ಉದ್ರಿ ಲೆಕ್ಕ ಎಲ್ಲವೂ ಇರುವ ಫೋನಿಗೇ ಕೈ ಹಾಕಿದರೆ, ಸಂಜೆ ಹೊತ್ತಿಗೆ ಹೋಲ್‌ಸೇಲ್‌ನವರಿಗೆ ದುಡ್ಡು ಕಳಿಸೋಕೂ ಆಗದೆ ಕೂರಬೇಕಾಗಬಹುದು. ರೂಟ್ ಅಂದ್ರೆ ಏನು, ಯಾರಿಗೆ ಬೇಕು, ಯಾರಿಗೆ ಬೇಡ, ಆಪ್ ತಯಾರಿಸೋದು ಕಲಿಯುವವರು ಎಲ್ಲಿಂದ ಶುರು ಮಾಡಬೇಕು ಅನ್ನೋದರ ವಿವರ ಇಲ್ಲಿದೆ.

ರೂಟ್ ಅಂದ್ರೆ ಏನು?

ಆಂಡ್ರಾಯ್ಡ್ ಫೋನಿನ ತಳದಲ್ಲಿ ಇರೋದು ಲಿನಕ್ಸ್. ಅದರಲ್ಲಿ ಎಲ್ಲ ಅಧಿಕಾರ ಇರುವ ಯಜಮಾನ ಖಾತೆಯ ಹೆಸರೇ ‘ರೂಟ್’.

ಒಂದು ವಠಾರ ಅಂತ ಅಂದುಕೊಳ್ಳಿ. ಫೋನಿನಲ್ಲಿ ಹಾಕಿಕೊಳ್ಳುವ ಪ್ರತಿ ಆಪ್‌ಗೂ ಒಂದೊಂದು ಮನೆ, ಒಂದೊಂದು ಬೀಗ. ವಾಟ್ಸಾಪ್ ಮನೆಯೊಳಗೆ ಏನಿದೆ ಅಂತ ಗೇಮ್ ಆಪ್‌ಗೆ ಕಾಣಲ್ಲ. ಬ್ಯಾಂಕ್ ಆಪ್‌ನ ಕಡತ ಟಾರ್ಚ್ ಆಪ್‌ಗೆ ಸಿಗಲ್ಲ. ಫೋನ್ ಕೊಂಡವರಿಗೂ ಸಿಗುವುದು ಬಾಡಿಗೆದಾರರ ಹಕ್ಕು ಮಾತ್ರ. ರೂಟ್ ಮಾಡೋದು ಅಂದ್ರೆ ಇಡೀ ವಠಾರದ ಬೀಗದ ಕೈ ಗೊಂಚಲನ್ನು ಕೈಗೆ ತಗೊಂಡಂತೆ. ಆ ಗೊಂಚಲನ್ನು ನೀವು ಯಾವ ಆಪ್‌ಗೆ ಕೊಡ್ತೀರೋ ಅದು ಎಲ್ಲ ಮನೆಗೂ ನುಗ್ಗಬಹುದು. ಲಾಭ ಇರೋದೂ ಇದರಲ್ಲೇ, ಅಪಾಯ ಇರೋದೂ ಇದರಲ್ಲೇ.

ಇದರ ಜೊತೆಗೆ ಇನ್ನೊಂದು ಹೆಸರು ಕೇಳಿಬರುತ್ತೆ: ಬೂಟ್‌ಲೋಡರ್. ಫೋನ್ ಆನ್ ಮಾಡಿದ ಕೂಡಲೇ ಮೊದಲು ಏಳುವ ಸಣ್ಣ ಪ್ರೋಗ್ರಾಂ ಇದು. ಒಳಗಿರುವ ಸಾಫ್ಟ್‌ವೇರ್ ಕಂಪನಿಯದ್ದೇ ಹೌದಾ, ಯಾರಾದರೂ ತಿದ್ದಿದ್ದಾರಾ ಅಂತ ಪರೀಕ್ಷೆ ಮಾಡಿ ಆಮೇಲೆ ಫೋನ್ ಶುರು ಮಾಡುತ್ತೆ. ಈಗಿನ ಫೋನ್‌ಗಳಲ್ಲಿ ರೂಟ್ ಮಾಡಬೇಕಾದ್ರೆ ಸಾಮಾನ್ಯವಾಗಿ ಮೊದಲು ಈ ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಕು. ಅನ್‌ಲಾಕ್ ಆದ ತಕ್ಷಣ ಫೋನಿನಲ್ಲಿದ್ದ ಡೇಟಾ ಪೂರ್ತಿ ಅಳಿಸಿ ಹೋಗುತ್ತೆ. ಕದ್ದ ಫೋನಿನ ಬೀಗ ಒಡೆದು ಯಾರೂ ಒಳಗಿನ ಫೋಟೋ, ಮೆಸೇಜ್ ನೋಡಬಾರದು ಅಂತಲೇ ಈ ವ್ಯವಸ್ಥೆ.

ಹೊಸ ಆಂಡ್ರಾಯ್ಡ್ ಆವೃತ್ತಿ ಹಾಕುವ ‘ಕಸ್ಟಮ್ ರಾಮ್’ ಬೇರೆ, ರೂಟ್ ಬೇರೆ. ಉದಾಹರಣೆಗೆ ಲಿನೇಜ್ ಓಎಸ್ ಅನ್ನುವ ಉಚಿತ ಆವೃತ್ತಿಯನ್ನು ಹಾಕಿಕೊಂಡರೂ ಫೋನ್ ತಾನಾಗಿ ರೂಟ್ ಆಗಿರಲ್ಲ. ಎರಡಕ್ಕೂ ಬೂಟ್‌ಲೋಡರ್ ಅನ್‌ಲಾಕ್ ಬೇಕು, ಅಷ್ಟೇ.

ಒಂದು ಕಾಲಕ್ಕೆ ಕನ್ನಡ ಓದೋಕೂ ರೂಟ್!

ಮೊದಲ ಆಂಡ್ರಾಯ್ಡ್ ಫೋನ್ ಬಂದಿದ್ದು 2008ರಲ್ಲಿ. ಆರಂಭದ ಆಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡ ಅಕ್ಷರವೇ ಇರಲಿಲ್ಲ. ಕನ್ನಡದ ಸುದ್ದಿ ತೆರೆದರೆ ಸಾಲು ಸಾಲು ಚೌಕಗಳು ಕಾಣುತ್ತಿದ್ದವು. ಆಗ ಕೆಲವರು ಫೋನ್ ರೂಟ್ ಮಾಡಿ, ಸಿಸ್ಟಂ ಒಳಗೆ ಕನ್ನಡ ಫಾಂಟ್ ಕೂರಿಸಿಕೊಳ್ಳುತ್ತಿದ್ದರು. 2012ರ ಜೆಲ್ಲಿ ಬೀನ್ ಆವೃತ್ತಿಯ ನಂತರ ಕನ್ನಡ ಫೋನಿನಲ್ಲೇ ಬರತೊಡಗಿತು.

ರೂಟ್‌ನ ಕಥೆ ಬಹುಪಾಲು ಹೀಗೇ. ಸ್ಕ್ರೀನ್ ರೆಕಾರ್ಡಿಂಗ್, ಆಪ್‌ಗಳಿಗೆ ಅನುಮತಿ ಕೊಡುವುದು–ತೆಗೆಯುವುದು, ಇಡೀ ಫೋನಿಗೆ ಡಾರ್ಕ್ ಬಣ್ಣ ಎಲ್ಲದಕ್ಕೂ ಒಂದು ಕಾಲಕ್ಕೆ ರೂಟ್ ಬೇಕಿತ್ತು. ಈಗ ಅವೆಲ್ಲ ಸೆಟ್ಟಿಂಗ್ಸ್‌ನಲ್ಲೇ ಇವೆ. ಹಾಗಾಗಿ ಹತ್ತು ವರ್ಷದ ಹಿಂದಿನ ವಿಡಿಯೋ ನೋಡಿ ‘ರೂಟ್ ಮಾಡಿದ್ರೆ ಇಷ್ಟೆಲ್ಲ ಸಿಗುತ್ತೆ’ ಅಂತ ಹೊರಡುವವರಿಗೆ ಕೊನೆಗೆ ಸಿಗೋದು ಕಡಿಮೆ, ಕಳೆದುಕೊಳ್ಳೋದು ಜಾಸ್ತಿ.

ಯುಪಿಐ, ಬ್ಯಾಂಕ್ ಆಪ್ ಯಾಕೆ ನಿಲ್ಲುತ್ತೆ?

ಅಂಗಡಿಯವರಿಗೆ ಇದು ತಕ್ಕಡಿಯ ಲೆಕ್ಕದಲ್ಲಿ ಬೇಗ ಅರ್ಥವಾಗುತ್ತೆ. ತೂಕದ ಯಂತ್ರಕ್ಕೆ ಇಲಾಖೆಯವರು ಸೀಲ್ ಹಾಕಿರ್ತಾರೆ. ಸೀಲ್ ಒಡೆದಿದ್ರೆ ತೂಕ ಸರಿಯಾಗೇ ತೋರಿಸಿದರೂ ತಪಾಸಣೆಗೆ ಬಂದವರು ಒಪ್ಪಲ್ಲ. ‘ಒಳಗೆ ಏನು ಮಾಡಿದ್ದೀರೋ ಗೊತ್ತಿಲ್ಲ’ ಅಂತಾರೆ. ಬೂಟ್‌ಲೋಡರ್ ಲಾಕ್ ಅಂಥದ್ದೇ ಒಂದು ಸೀಲು.

ಫೋನಿನ ಈ ಸೀಲ್ ಹೇಗಿದೆ ಅಂತ ಆಪ್‌ಗಳು ಕೇಳಿ ತಿಳಿದುಕೊಳ್ಳಲು ಗೂಗಲ್ ಒಂದು ವ್ಯವಸ್ಥೆ ಇಟ್ಟಿದೆ. ಮೊದಲು ಅದರ ಹೆಸರು ಸೇಫ್ಟಿನೆಟ್, ಈಗ ಪ್ಲೇ ಇಂಟೆಗ್ರಿಟಿ. ಸೀಲ್ ಒಡೆದಿದೆ ಅಂತ ಉತ್ತರ ಬಂದರೆ ಹೆಚ್ಚಿನ ಬ್ಯಾಂಕ್ ಆಪ್‌ಗಳು ತೆರೆಯಲ್ಲ, ಇಲ್ಲವೇ ‘ಈ ಫೋನ್ ಸುರಕ್ಷಿತವಲ್ಲ’ ಅಂತ ತೋರಿಸಿ ಮುಚ್ಚಿಕೊಳ್ತವೆ. ಇದು ಅತಿಯಾಯ್ತು ಅನ್ನಿಸಬಹುದು. ಆದರೆ ನೀವು ಒತ್ತುವ ಯುಪಿಐ ಪಿನ್, ಬರುವ ಓಟಿಪಿ ಎಲ್ಲವನ್ನೂ ರೂಟ್ ಅಧಿಕಾರ ಸಿಕ್ಕ ಆಪ್ ನೋಡಬಲ್ಲದು. ಬ್ಯಾಂಕಿನವರಿಗೆ ಇರುವ ಭಯ ಅದೇ.

ಒಂದು ವಿಷಯ ಗಮನಿಸಿ. ಗಲ್ಲಾಪೆಟ್ಟಿಗೆ ಮುಂದಿನ ಕ್ಯೂಆರ್ ಸ್ಟಿಕರ್‌ಗೆ ದುಡ್ಡು ಬರೋದು ಇದರಿಂದ ನಿಲ್ಲಲ್ಲ. ಅದು ನೇರ ಖಾತೆಗೆ ಹೋಗುತ್ತೆ. ಸೌಂಡ್ ಬಾಕ್ಸ್ ಇದ್ದರೆ ಅದಕ್ಕೂ ಸಾಮಾನ್ಯವಾಗಿ ತನ್ನದೇ ಸಿಮ್ ಇರುತ್ತೆ, ಹಾಗಾಗಿ ಅದೂ ಕೂಗುತ್ತೆ. ನಿಲ್ಲೋದು ನಿಮ್ಮ ಕಡೆಯ ಕೆಲಸ: ಬಂದ ದುಡ್ಡು ನೋಡುವುದು, ಹೋಲ್‌ಸೇಲ್‌ನವರಿಗೆ ಕಳಿಸುವುದು, ಗಿರಾಕಿಗೆ ವಾಪಸ್ ಹಾಕುವುದು, ಕರೆಂಟ್ ಬಿಲ್ ಕಟ್ಟುವುದು.

‘ರೂಟ್ ಆಗಿರೋದನ್ನ ಬ್ಯಾಂಕ್ ಆಪ್‌ಗೆ ಕಾಣದಂಗೆ ಮಾಡ್ಬಹುದು’ ಅಂತ ಹೇಳುವವರೂ ಇದ್ದಾರೆ. ಅಂಥ ಉಪಾಯಗಳು ಇರೋದು ನಿಜ. ಆದರೆ ಅದು ಬೆಕ್ಕು–ಇಲಿ ಆಟ. ಇವತ್ತು ನಡೆದದ್ದು ಮುಂದಿನ ಅಪ್‌ಡೇಟ್‌ನಲ್ಲಿ ನಿಲ್ಲಬಹುದು. ಅದು ನಿಲ್ಲೋದು ಹಬ್ಬದ ಹಿಂದಿನ ದಿನ ಅಂಗಡಿ ತುಂಬ ಗಿರಾಕಿ ಇರುವಾಗಲೂ ಆಗಬಹುದು.

ಆಮೇಲೆ ಮೊದಲಿನಂತೆ ಮಾಡಬಹುದಾ?

ಕೆಲವು ಫೋನ್‌ಗಳಲ್ಲಿ ಕಂಪನಿಯ ಮೂಲ ಸಾಫ್ಟ್‌ವೇರ್ ಪೂರ್ತಿ ವಾಪಸ್ ಹಾಕಿ, ಬೂಟ್‌ಲೋಡರ್ ಮತ್ತೆ ಲಾಕ್ ಮಾಡಿದರೆ ಎಲ್ಲ ಮೊದಲಿನಂತಾಗುತ್ತೆ. ಎಲ್ಲ ಫೋನ್‌ಗಳಲ್ಲೂ ಅಲ್ಲ.

ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ನಾಕ್ಸ್ ಅನ್ನುವ ರಕ್ಷಣೆ ಇದೆ. ಕಂಪನಿಯದಲ್ಲದ ಸಾಫ್ಟ್‌ವೇರ್ ಒಂದು ಸಲ ಹಾಕಿದರೂ ಒಳಗಿನ ಎಲೆಕ್ಟ್ರಾನಿಕ್ ಫ್ಯೂಸ್ ಸುಟ್ಟು ಗುರುತು ಉಳಿಯುತ್ತೆ. ಮೂಲ ಸಾಫ್ಟ್‌ವೇರ್ ವಾಪಸ್ ಹಾಕಿದರೂ ಆ ಗುರುತು ಹೋಗಲ್ಲ. ಸೆಕ್ಯೂರ್ ಫೋಲ್ಡರ್‌ನಂಥ ಸೌಲಭ್ಯ ಆ ಫೋನಿನಲ್ಲಿ ಮತ್ತೆ ಸಿಗಲ್ಲ.

ಇನ್ನೊಂದು ಅಪಾಯ ‘ಬ್ರಿಕ್’. ಅಂದ್ರೆ ಫೋನ್ ಇಟ್ಟಿಗೆ ಆಗೋದು. ಬೇರೆ ಮಾಡೆಲ್‌ನ ಫೈಲ್ ಹಾಕಿದರೆ, ಅರ್ಧದಲ್ಲಿ ಕೇಬಲ್ ಕಿತ್ತು ಬಂದರೆ ಫೋನ್ ಆನ್ ಆಗದೇ ಹೋಗಬಹುದು. ತಿದ್ದಿದ ಸಾಫ್ಟ್‌ವೇರ್ ಒಳಗಿರುವಾಗಲೇ ಬೂಟ್‌ಲೋಡರ್ ಮತ್ತೆ ಲಾಕ್ ಮಾಡಿದರೂ ಇದೇ ಗತಿ. ವಾರಂಟಿ ಇದ್ದರೆ ಸರ್ವೀಸ್ ಸೆಂಟರ್‌ನವರು ‘ಇದು ನಿಮ್ಮ ಕಡೆಯಿಂದ ಆದದ್ದು’ ಅಂತ ಕೈ ಎತ್ತಬಹುದು.

ರೂಟ್ ಇಲ್ಲದೆಯೇ ಆಗುವ ಕೆಲಸಗಳು

ಫೋನ್ ರೂಟ್ ಮಾಡಿಸಬೇಕು ಅನ್ನುವವರ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲೇ ಮುಗಿಯುತ್ತವೆ.

• ಬೇಡದ ಆಪ್: ಸೆಟ್ಟಿಂಗ್ಸ್‌ನಲ್ಲಿ ಆ ಆಪ್ ತೆರೆದು ‘ಡಿಸೇಬಲ್’ ಒತ್ತಿ. ಅದೂ ಇಲ್ಲದಿದ್ದರೆ ಕಂಪ್ಯೂಟರ್‌ಗೆ ಕೇಬಲ್ ಹಾಕಿ ಎಡಿಬಿ ಅನ್ನುವ ಗೂಗಲ್‌ನದ್ದೇ ಉಚಿತ ಸಾಧನದಿಂದ ತೆಗೆಯಬಹುದು. ಫ್ಯಾಕ್ಟರಿ ರಿಸೆಟ್ ಮಾಡಿದರೆ ವಾಪಸ್ ಬರುತ್ತವೆ. ಹೆಸರು ಗೊತ್ತಿಲ್ಲದ ಸಿಸ್ಟಂ ಆಪ್‌ಗೆ ಮಾತ್ರ ಕೈ ಹಾಕಬೇಡಿ.

• ಜಾಹೀರಾತು ಕಾಟ: ಆಂಡ್ರಾಯ್ಡ್ 9 ಮತ್ತು ಆಮೇಲಿನ ಫೋನ್‌ಗಳಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್ ಒಳಗೆ ‘ಪ್ರೈವೇಟ್ ಡಿಎನ್ಎಸ್’ ಇದೆ. ಜಾಹೀರಾತು ತಡೆಯುವ ಸೇವೆಯ ಹೆಸರು ಅಲ್ಲಿ ಹಾಕಿದರೆ ಆಪ್‌ಗಳ ಒಳಗಿನ ಸಾಕಷ್ಟು ಜಾಹೀರಾತು ನಿಲ್ಲುತ್ತೆ. ಯೂಟ್ಯೂಬ್ ಜಾಹೀರಾತು ಇದರಿಂದ ನಿಲ್ಲಲ್ಲ.

• ನಿಧಾನ: ರೂಟ್ ಮಾಡಿದ ಮಾತ್ರಕ್ಕೆ ರ‍್ಯಾಮ್ ಹೆಚ್ಚಾಗಲ್ಲ. ಸ್ಟೋರೇಜ್ ಪೂರ್ತಿ ತುಂಬಿದ್ದರೆ ಫೋನ್ ನಿಧಾನ ಆಗುತ್ತೆ. ವಾಟ್ಸಾಪ್‌ನ ಹಳೇ ವಿಡಿಯೋ ಅಳಿಸಿ, ಆಮೇಲೂ ಸರಿಹೋಗದಿದ್ದರೆ ಬ್ಯಾಕಪ್ ಇಟ್ಟುಕೊಂಡು ಒಮ್ಮೆ ರಿಸೆಟ್ ಮಾಡಿ. ಬ್ಯಾಟರಿ ಹಳೆಯದಾಗಿದ್ದರೆ ಅದನ್ನೂ ಬದಲಿಸಿ ನೋಡಬಹುದು.

ಆಪ್ ಮಾಡೋದು ಕಲಿಯೋಕೆ ರೂಟ್ ಬೇಡವೇ ಬೇಡ

ಪಿಯುಸಿ, ಡಿಪ್ಲೊಮಾ, ಡಿಗ್ರಿ ಓದುವ ಎಷ್ಟೋ ಮಕ್ಕಳು ‘ಆಂಡ್ರಾಯ್ಡ್ ಡೆವಲಪರ್ ಆಗ್ಬೇಕಾದ್ರೆ ಮೊದಲು ರೂಟ್ ಮಾಡ್ಬೇಕು’ ಅಂದುಕೊಂಡು ಮನೆಯವರ ಫೋನ್ ತೆಗೆದುಕೊಳ್ತಾರೆ. ಆಪ್ ಬರೆಯಲು, ಫೋನಿನಲ್ಲಿ ಓಡಿಸಿ ನೋಡಲು, ಪ್ಲೇ ಸ್ಟೋರ್‌ಗೆ ಹಾಕಲು, ಯಾವುದಕ್ಕೂ ರೂಟ್ ಬೇಕಿಲ್ಲ. ಕ್ರಮ ಹೀಗಿದೆ.

1. ಕಂಪ್ಯೂಟರ್: ಆಂಡ್ರಾಯ್ಡ್ ಸ್ಟುಡಿಯೋ ಅನ್ನುವ ಗೂಗಲ್‌ನ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಬೇಕು. ಕನಿಷ್ಠ 8 ಜಿಬಿ ರ‍್ಯಾಮ್ ಬೇಕು, 16 ಇದ್ದರೆ ಸಲೀಸು. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇದ್ದರೆ ಕಾಯೋ ಕೆಲಸ ತಪ್ಪುತ್ತೆ.

2. ಭಾಷೆ: ಕಾಟ್ಲಿನ್ ಕಲಿಯಿರಿ. 2017ರಲ್ಲಿ ಗೂಗಲ್ ಇದಕ್ಕೆ ಅಧಿಕೃತ ಬೆಂಬಲ ಕೊಟ್ಟಿತು, 2019ರಿಂದ ಆಂಡ್ರಾಯ್ಡ್‌ಗೆ ಇದೇ ಮೊದಲ ಆಯ್ಕೆ ಅಂದಿದೆ. ಕಾಲೇಜಿನಲ್ಲಿ ಜಾವಾ ಕಲಿತವರಿಗೆ ಹೆಚ್ಚು ದಿನ ಹಿಡಿಯಲ್ಲ.

3. ಫೋನ್ ಸಿದ್ಧ ಮಾಡುವುದು: ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು ‘ಬಿಲ್ಡ್ ನಂಬರ್’ ಮೇಲೆ ಏಳು ಸಲ ಒತ್ತಿದರೆ ‘ಡೆವಲಪರ್ ಆಪ್ಷನ್ಸ್’ ಕಾಣಿಸಿಕೊಳ್ಳುತ್ತೆ. ಕೆಲವು ಕಂಪನಿಗಳ ಫೋನಿನಲ್ಲಿ ಏಳು ಸಲ ಒತ್ತುವ ಜಾಗ ಬೇರೆ ಇರುತ್ತೆ. ಅದರೊಳಗೆ ‘ಯುಎಸ್‌ಬಿ ಡೀಬಗ್ಗಿಂಗ್’ ಆನ್ ಮಾಡಿ ಕೇಬಲ್ ಹಾಕಿ. ಈ ಕಂಪ್ಯೂಟರ್ ನಂಬಬಹುದಾ ಅಂತ ಫೋನ್ ಕೇಳುತ್ತೆ, ಒಪ್ಪಿಗೆ ಕೊಡಿ. ಸ್ಟುಡಿಯೋದಲ್ಲಿ ‘ರನ್’ ಒತ್ತಿದರೆ ನೀವು ಬರೆದ ಆಪ್ ಫೋನಿನಲ್ಲಿ ತೆರೆದುಕೊಳ್ಳುತ್ತೆ. ಕೆಲಸ ಮುಗಿದ ಮೇಲೆ ಡೀಬಗ್ಗಿಂಗ್ ಆಫ್ ಮಾಡುವುದು ಒಳ್ಳೆಯ ಅಭ್ಯಾಸ. ಅದು ಆನ್ ಇದ್ದರೂ ತಕರಾರು ಮಾಡುವ ಬ್ಯಾಂಕ್ ಆಪ್‌ಗಳಿವೆ.

4. ಮೊದಲ ಆಪ್: ದೊಡ್ಡದು ಬೇಡ. ಡೇರಿಗೆ ಹಾಕಿದ ಹಾಲಿನ ಲೀಟರು, ದರ ಹಾಕಿದರೆ ತಿಂಗಳ ಲೆಕ್ಕ ಕೊಡುವ ಆಪ್ ಸಾಕು. ಅಥವಾ ಅಪ್ಪನ ಅಂಗಡಿಯ ಉದ್ರಿ ಪುಸ್ತಕ. ಗಿರಾಕಿ ಹೆಸರು, ಮೊತ್ತ, ತಾರೀಖು, ಅಷ್ಟೇ. ಆಪ್‌ನಲ್ಲಿ ಕಾಣುವ ಮಾತುಗಳನ್ನೆಲ್ಲ ಒಂದು ಫೈಲಿನಲ್ಲಿ ಬೇರೆಯಾಗಿ ಇಡಬೇಕು ಅನ್ನೋದು ಆಂಡ್ರಾಯ್ಡ್ ರೂಢಿ. ಅದರ ಕನ್ನಡ ಪ್ರತಿಯೊಂದನ್ನು ಕನ್ನಡಕ್ಕೆಂದೇ ಇರುವ ಫೋಲ್ಡರ್‌ನಲ್ಲಿ ಇಟ್ಟರೆ, ಫೋನಿನ ಭಾಷೆ ಕನ್ನಡ ಇರುವವರಿಗೆ ಆಪ್ ತಾನಾಗಿ ಕನ್ನಡದಲ್ಲಿ ತೆರೆಯುತ್ತೆ.

5. ಪ್ಲೇ ಸ್ಟೋರ್: ಡೆವಲಪರ್ ಖಾತೆಗೆ 25 ಡಾಲರ್, ಒಂದೇ ಸಲ ಕಟ್ಟಬೇಕು. ವಯಸ್ಸು 18 ಆಗಿರಬೇಕು. 2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಆಪ್ ಎಲ್ಲರಿಗೂ ಬಿಡುವ ಮೊದಲು ಕನಿಷ್ಠ 12 ಜನರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕು. ಕ್ಲಾಸಿನ ಸ್ನೇಹಿತರು, ಬೀದಿಯ ಅಂಗಡಿಯವರು ಸೇರಿದರೆ 12 ಜನ ಕಷ್ಟವಲ್ಲ.

ಅಷ್ಟು ಶಕ್ತಿಯ ಕಂಪ್ಯೂಟರ್ ಮನೆಯಲ್ಲಿ ಇಲ್ಲದವರಿಗೆ ಎಂಐಟಿ ಆಪ್ ಇನ್ವೆಂಟರ್ ಇದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಉಚಿತವಾಗಿ ನಡೆಸುವ ಇದು ಬ್ರೌಸರ್‌ನಲ್ಲೇ ಓಡುತ್ತೆ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಆಪ್ ಕಟ್ಟಬಹುದು. ಹೈಸ್ಕೂಲ್ ಮಕ್ಕಳಿಗೂ ಬರುತ್ತೆ, ಶಾಲೆಯ ಕಂಪ್ಯೂಟರ್ ಲ್ಯಾಬ್‌ನಲ್ಲೂ ನಡೆಯುತ್ತೆ.

ರೂಟ್ ಕಲಿಯಲೇಬೇಕು ಅನ್ನುವವರಿಗೆ

ಆಂಡ್ರಾಯ್ಡ್ ಒಳಗೆ ಏನು ನಡೆಯುತ್ತೆ ಅಂತ ತಿಳಿಯುವ ಆಸೆ ತಪ್ಪಲ್ಲ. ಸೈಬರ್ ಸೆಕ್ಯುರಿಟಿ ಕಡೆ ಹೋಗುವವರಿಗೆ ಅದು ಬೇಕು ಕೂಡ. ಅದಕ್ಕೂ ಮೊದಲು ಫೋನೇ ಬೇಡದ ದಾರಿ ಒಂದಿದೆ. ಆಂಡ್ರಾಯ್ಡ್ ಸ್ಟುಡಿಯೋ ಜೊತೆಗೆ ಎಮ್ಯುಲೇಟರ್ ಬರುತ್ತೆ, ಅಂದರೆ ಕಂಪ್ಯೂಟರ್ ಪರದೆಯ ಮೇಲಿನ ಫೋನ್. ಅದನ್ನು ತಯಾರಿಸುವಾಗ ‘ಗೂಗಲ್ ಪ್ಲೇ’ ಇಲ್ಲದ ಆವೃತ್ತಿ ಆರಿಸಿಕೊಂಡರೆ, ಎಡಿಬಿಯ ಒಂದೇ ಆಜ್ಞೆಯಿಂದ ರೂಟ್ ಅಧಿಕಾರ ಸಿಗುತ್ತೆ. ಕೆಡಿಸಿಕೊಂಡರೆ ಅಳಿಸಿ ಇನ್ನೊಂದು ಮಾಡಿಕೊಳ್ಳಬಹುದು. ಒಂದು ರೂಪಾಯಿ ಖರ್ಚಿಲ್ಲ.

ನಿಜವಾದ ಫೋನಿನಲ್ಲೇ ಮಾಡಬೇಕಾದರೆ ಸಿಮ್ ತೆಗೆದಿಟ್ಟ, ಬ್ಯಾಂಕ್ ಆಪ್ ಇಲ್ಲದ ಹಳೇ ಫೋನ್ ತೆಗೆದುಕೊಳ್ಳಿ.

• ಮೊದಲು ಮಾಡೆಲ್ ನಂಬರ್ ನೋಡಿ, ಆ ಕಂಪನಿ ಅನ್‌ಲಾಕ್‌ಗೆ ಅವಕಾಶ ಕೊಡುತ್ತಾ ತಿಳಿದುಕೊಳ್ಳಿ. ಗೂಗಲ್ ಪಿಕ್ಸೆಲ್‌ನಲ್ಲಿ ಸುಲಭ. ಮೊಟೊರೊಲಾ ತನ್ನ ಹಲವು ಮಾಡೆಲ್‌ಗಳಿಗೆ ಕೋಡ್ ಕೊಡುತ್ತೆ. ಶಿಯೋಮಿಯಲ್ಲಿ ಖಾತೆ ಜೋಡಿಸಿ ದಿನಗಟ್ಟಲೆ ಕಾಯಬೇಕು. ಅವಕಾಶವೇ ಕೊಡದ ಫೋನ್‌ಗಳೂ ಸಾಕಷ್ಟಿವೆ.

• ಫೋಟೋ, ಕಾಂಟ್ಯಾಕ್ಟ್, ವಾಟ್ಸಾಪ್ ಬ್ಯಾಕಪ್ ಮಾಡಿ. ಅನ್‌ಲಾಕ್ ಮಾಡಿದ ಮೇಲೆ ಏನೂ ಉಳಿಯಲ್ಲ.

• ಡೆವಲಪರ್ ಆಪ್ಷನ್ಸ್‌ನಲ್ಲಿ ‘ಓಇಎಂ ಅನ್‌ಲಾಕಿಂಗ್’ ಆನ್ ಮಾಡಿ, ಫಾಸ್ಟ್‌ಬೂಟ್ ಮೋಡ್‌ಗೆ ಹೋಗಿ ಅನ್‌ಲಾಕ್ ಮಾಡಬೇಕು. ಚಾರ್ಜ್ ಅರ್ಧಕ್ಕಿಂತ ಮೇಲಿರಲಿ, ಕೇಬಲ್ ಗಟ್ಟಿ ಇರಲಿ.

• ಫೋನಿನಲ್ಲಿ ಈಗಿರುವ ಬಿಲ್ಡ್ ನಂಬರ್‌ನದ್ದೇ ಮೂಲ ಸಾಫ್ಟ್‌ವೇರ್ ಇಳಿಸಿಕೊಂಡು, ಅದರ ಬೂಟ್ ಫೈಲನ್ನು ಮ್ಯಾಜಿಸ್ಕ್ ಆಪ್‌ನಿಂದ ತಿದ್ದಿ, ವಾಪಸ್ ಫೋನಿಗೆ ಹಾಕುವುದು ಈಗಿನ ಸಾಮಾನ್ಯ ವಿಧಾನ. ಜಾನ್ ವು 2016ರಲ್ಲಿ ಹೊರತಂದ ಮ್ಯಾಜಿಸ್ಕ್‌ನ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಗಿಟ್‌ಹಬ್‌ನಲ್ಲಿರುವ ಅದರ ಅಧಿಕೃತ ಪುಟ ಬಿಟ್ಟು ಬೇರೆಲ್ಲಿಂದಲೂ ಇಳಿಸಿಕೊಳ್ಳಬೇಡಿ.

• ತಿದ್ದದ ಮೂಲ ಫೈಲ್ ಕಂಪ್ಯೂಟರ್‌ನಲ್ಲಿ ಜೋಪಾನವಾಗಿಡಿ. ಫೋನ್ ಏಳದಿದ್ದರೆ ಅದೇ ಔಷಧಿ.

‘ಒಂದೇ ಕ್ಲಿಕ್‌ನಲ್ಲಿ ರೂಟ್’ ಅನ್ನುವ ಆಪ್‌ಗಳ ಹತ್ತಿರ ಹೋಗಬೇಡಿ. ಈಗಿನ ಫೋನ್‌ಗಳಲ್ಲಿ ಅವು ಕೆಲಸ ಮಾಡುವುದು ಅಪರೂಪ. ಮಾಡಿದರೂ ವಠಾರದ ಬೀಗದ ಕೈ ಗೊಂಚಲನ್ನು ಗುರುತಿಲ್ಲದವರಿಗೆ ಕೊಟ್ಟಂತೆ. ಟ್ರಾಫಿಕ್ ಚಲನ್, ಪಿಎಂ ಕಿಸಾನ್, ಮದುವೆ ಕರೆಯೋಲೆ ಹೆಸರಲ್ಲಿ ವಾಟ್ಸಾಪ್‌ಗೆ ಬರುವ ಎಪಿಕೆ ಫೈಲ್‌ಗಳು ರೂಟ್ ಇಲ್ಲದ ಫೋನಿನಲ್ಲೇ ಎಸ್‌ಎಂಎಸ್ ಅನುಮತಿ ಗಿಟ್ಟಿಸಿ ಖಾತೆ ಖಾಲಿ ಮಾಡುತ್ತವೆ. ರೂಟ್ ಆದ ಫೋನಿನಲ್ಲಿ ಅಂಥದ್ದಕ್ಕೆ ಪೂರ್ತಿ ಅಧಿಕಾರ ಸಿಕ್ಕರೆ ತಡೆಯೋರೇ ಇಲ್ಲ.

ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು ನೋಡಬೇಕಾದ್ದು

ಬೇರೆಯವರು ರೂಟ್ ಮಾಡಿ ಮಾರಿದ ಫೋನ್ ಗೊತ್ತಿಲ್ಲದೆ ನಿಮ್ಮ ಕೈಗೆ ಬರಬಹುದು. ದುಡ್ಡು ಕೊಡುವ ಮೊದಲು ಮೂರು ಪರೀಕ್ಷೆ ಮಾಡಿ.

ಫೋನ್ ಆಫ್ ಮಾಡಿ ಆನ್ ಮಾಡಿ. ಬೂಟ್‌ಲೋಡರ್ ಅನ್‌ಲಾಕ್ ಆಗಿದ್ದರೆ ಸಾಮಾನ್ಯವಾಗಿ ಶುರುವಿನಲ್ಲೇ ಎಚ್ಚರಿಕೆಯ ಬರಹ ಅಥವಾ ತೆರೆದ ಬೀಗದ ಚಿತ್ರ ಕಾಣುತ್ತೆ.

ಪ್ಲೇ ಸ್ಟೋರ್ ತೆರೆದು, ಮೇಲಿನ ಪ್ರೊಫೈಲ್ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ನ ‘ಅಬೌಟ್’ ಒಳಗೆ ನೋಡಿ. ‘ಡಿವೈಸ್ ಈಸ್ ಸರ್ಟಿಫೈಡ್’ ಅಂತ ಇರಬೇಕು.

ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿದರೆ ಐಎಂಇಐ ನಂಬರ್ ಬರುತ್ತೆ. ಇಂಗ್ಲಿಷಿನ ಕೆ, ವೈ, ಎಂ ಅಕ್ಷರ, ಒಂದು ಜಾಗ ಬಿಟ್ಟು ಆ ನಂಬರ್ ಬರೆದು 14422ಕ್ಕೆ ಎಸ್‌ಎಂಎಸ್ ಕಳಿಸಿದರೆ, ಅದು ಯಾವ ಫೋನಿನದ್ದು, ಬ್ಲಾಕ್ ಆಗಿದೆಯಾ ಅಂತ ಉತ್ತರ ಬರುತ್ತೆ. ಸಂಚಾರ್ ಸಾಥಿಯಲ್ಲೂ ಇದನ್ನು ನೋಡಬಹುದು.

ಕಾನೂನು ಏನು ಹೇಳುತ್ತೆ?

ಸ್ವಂತ ಫೋನ್ ರೂಟ್ ಮಾಡಬಾರದು ಅನ್ನುವ ಪ್ರತ್ಯೇಕ ಕಾನೂನು ಇಲ್ಲಿಲ್ಲ. ಆದರೆ ಐಎಂಇಐ ನಂಬರ್ ತಿದ್ದುವುದು ಅಪರಾಧ. 2023ರ ದೂರಸಂಪರ್ಕ ಕಾಯ್ದೆಯಡಿ ಇದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮೊಬೈಲ್ ರಿಪೇರಿ ಅಂಗಡಿಯವರು ಇದನ್ನು ಚೆನ್ನಾಗಿ ನೆನಪಿಡಬೇಕು. ‘ನಂಬರ್ ಚೇಂಜ್ ಮಾಡಿಕೊಡಿ’ ಅಂತ ಬಂದ ಗಿರಾಕಿ ತಂದಿರುವುದು ಕದ್ದ ಫೋನ್ ಆಗಿರಬಹುದು.

ಗಿರಾಕಿಯೇ ಕೇಳಿದರೂ ರೂಟ್ ಮಾಡುವ ಮೊದಲು ‘ಡೇಟಾ ಹೋಗುತ್ತೆ, ಬ್ಯಾಂಕ್ ಆಪ್ ನಿಲ್ಲಬಹುದು, ವಾರಂಟಿ ಸಿಗದಿರಬಹುದು’ ಅಂತ ಮೂರು ಮಾತು ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಂಡರೆ ಆಮೇಲೆ ಜಗಳ ಇರಲ್ಲ.

ಅಂಗಡಿಯ ಫೋನ್ ಈಗಾಗಲೇ ರೂಟ್ ಆಗಿದ್ದರೆ ಗಾಬರಿ ಬೇಡ. ಸಿಮ್ ಮತ್ತು ಯುಪಿಐ ಬೇರೆ ಫೋನಿಗೆ ವರ್ಗಾಯಿಸಿ, ಪಿನ್‌ಗಳನ್ನು ಬದಲಿಸಿ, ಆ ಫೋನನ್ನು ಮನೆಯ ಮಕ್ಕಳ ಕಲಿಕೆಗೆ ಬಿಡಿ. ಖಾತೆಯಿಂದ ದುಡ್ಡು ಹೋಗಿದ್ದು ಗೊತ್ತಾದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ಹೇಳ್ತೀರೋ ದುಡ್ಡನ್ನು ದಾರಿಯಲ್ಲೇ ತಡೆಯುವ ಅವಕಾಶ ಅಷ್ಟು ಹೆಚ್ಚು.